ನಿಮಗಿದು ಗೊತ್ತೇ? ಪದ ಹದಿನೈದೇ, ಹೇಳುವ ಸಂಗತಿ ಕೋಟಿ ಕೋಟಿ!

ಕರ್ಜಗಿಯಲ್ಲಿ ಬೆಂಗಳೂರಿನ ಕಡೆಯ ರೈಲು ಹತ್ತಿದರೆ ಹಾವೇರಿ ಆದಮೇಲೆ ಬ್ಯಾಡಗಿ. ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರ್ ಹೇಗೆ ನಡೆಯುತ್ತದೆ ಗೊತ್ತೇ? ಖರೀದಿದಾರರು ಲಾಟ್‌ಗಳ ನಡುವೆ ಓಡಾಡಿ, ಕಾಯಿಯ ಬಣ್ಣ ನೋಡಿ, ತಮ್ಮ ದರವನ್ನು ಬೇರೆ ಯಾರಿಗೂ ಕಾಣದಂತೆ ನಮೂದಿಸುತ್ತಾರೆ. ಪಕ್ಕದವರು ಎಷ್ಟು ಹಾಕಿದರು ಎಂಬುದು ಟೆಂಡರ್ ತೆರೆಯುವವರೆಗೆ ಗೊತ್ತಾಗುವುದಿಲ್ಲ. ಹೆಚ್ಚು ಹಾಕಿದವರಿಗೆ ಮಾಲು. ಗುಟ್ಟೇ ಈ ಹರಾಜಿನ ಜೀವ!

ಇದಕ್ಕೆ ಪೂರ್ತಿ ಉಲ್ಟಾ ಇರುವ ಇನ್ನೊಂದು ಹರಾಜು ನೋಡಿ. ನಾಲ್ಕು ಜನ, ಒಂದು ಇಸ್ಪೀಟ್ ಕಟ್ಟು. ಎದುರುಬದುರು ಕೂತವರು ಜೊತೆಗಾರರು. ತಲೆಗೆ 13 ಎಲೆ. ಆಟ ಶುರುವಾಗುವ ಮೊದಲೇ ಹರಾಜು! ಕೊಳ್ಳಲು ಅಲ್ಲಿ ಸರಕೇ ಇಲ್ಲ. ‘ನಾವಿಬ್ಬರೂ ಸೇರಿ ಇಷ್ಟು ಸುತ್ತು ಗೆಲ್ಲುತ್ತೇವೆ, ತುರುಫು ಇದು’ ಎಂಬ ಮಾತನ್ನೇ ಏರಿಸುತ್ತ ಹೋಗುತ್ತಾರೆ. ಒಂದೊಂದು ಕೂಗೂ ಎಲ್ಲರ ಕಿವಿಗೆ ಬೀಳಬೇಕು. ಇದೇ ಕಾಂಟ್ರ್ಯಾಕ್ಟ್ ಬ್ರಿಡ್ಜ್. ಯಾವ ಕೂಗಿಗೆ ಯಾವ ಅರ್ಥ ಎಂಬ ಪದ್ಧತಿ ಕಟ್ಟುವುದೇ ಅಲ್ಲೊಂದು ದೊಡ್ಡ ವಿದ್ಯೆ!

ಈ ಹರಾಜಿನಲ್ಲಿ ಬಾಯಿಬಿಡಲು ಇರುವ ಪದಗಳೆಷ್ಟು ಗೊತ್ತೇ? ಒಂದರಿಂದ ಏಳರವರೆಗಿನ ಅಂಕಿಗಳು. ಕಳಾವರ್, ಡೈಮಂಡ್, ಆಟೀನ್, ಇಸ್ಪೀಟ್. ತುರುಫೇ ಬೇಡ ಎನ್ನುವುದಕ್ಕೆ ನೋ ಟ್ರಂಪ್. ಆಮೇಲೆ ಪಾಸ್, ಡಬಲ್, ರೀಡಬಲ್. ಒಟ್ಟು 15! ಹದಿನಾರನೆಯ ಪದ ಆಡಿದರೆ ಅದು ಆಟವಲ್ಲ.

‘ಒಂದು ಆಟೀನ್’ ಎಂದರೆ ಒಂದು ಸುತ್ತು ಗೆಲ್ಲುತ್ತೇನೆ ಎಂದಲ್ಲ. ಏಳು ಸುತ್ತು! ಮೊದಲ ಆರು ಸುತ್ತು ಲೆಕ್ಕಕ್ಕೇ ಇಲ್ಲ. ಏಳು ಎಂದು ಕೂಗಿದವರು ಹದಿಮೂರಕ್ಕೆ ಹದಿಮೂರೂ ಗೆಲ್ಲಬೇಕು.

ಅಂಕಿ ಏಳು, ನಾಲ್ಕು ಬಣ್ಣಕ್ಕೆ ನೋ ಟ್ರಂಪ್ ಸೇರಿ ಐದು. ಹಾಗಾಗಿ ಈ ಹರಾಜಿನ ಏಣಿಯಲ್ಲಿ ಇರುವುದು 35 ಮೆಟ್ಟಿಲು ಮಾತ್ರ. ಹತ್ತಬಹುದು, ಇಳಿಯುವಂತಿಲ್ಲ! ಒಮ್ಮೆ ದಾಟಿದ ಮೆಟ್ಟಿಲು ಹೋಯಿತು ಎಂದೇ ಲೆಕ್ಕ.

ಆ 35 ಮೆಟ್ಟಿಲುಗಳಲ್ಲಿ ಹೇಳಬೇಕಾದದ್ದು ಎಷ್ಟು? ಒಬ್ಬರ ಕೈಗೆ ಬರಬಹುದಾದ ಹದಿಮೂರು ಎಲೆಗಳ ಬಗೆಗಳು 63,501 ಕೋಟಿ 35 ಲಕ್ಷ 59 ಸಾವಿರದ 600. ಉಸಿರು ಬಿಗಿಹಿಡಿದು ಓದಿದಿರಾ?

ಇನ್ನೂ ಇದೆ. ನಾಲ್ವರಿಗೂ ಎಲೆ ಹಂಚುವ ಬಗೆಗಳನ್ನು ಎಣಿಸಿದರೆ 29 ಅಂಕಿಗಳ ಸಂಖ್ಯೆ ಬರುತ್ತದೆ. ಡಬಲ್, ರೀಡಬಲ್, ಪಾಸ್ ಎಲ್ಲ ಸೇರಿಸಿ ಹರಾಜು ಸಾಗಬಹುದಾದ ದಾರಿಗಳನ್ನು ಎಣಿಸಿದರೆ? 48 ಅಂಕಿಗಳ ಸಂಖ್ಯೆ! ಎಲೆಗಿಂತ ಮಾತೇ ಹೆಚ್ಚು. ಹದಿನೈದು ಪದಗಳಿಂದ!

ಆದರೆ ಎದುರಾಳಿಗಳು ಪಾಸ್ ಎಂದು ಸುಮ್ಮನಿದ್ದರೆ ಜೋಡಿಯೊಂದಕ್ಕೆ ಸಿಗುವ ದಾರಿ 6,871 ಕೋಟಿ ಚಿಲ್ಲರೆ ಅಷ್ಟೆ. ಒಂದೇ ಕೈಯ 63,501 ಕೋಟಿ ಬಗೆಗಳಿಗೂ ಇದು ಸಾಲದು. ಎಲ್ಲವನ್ನೂ ಹೇಳಲು ಸಾಧ್ಯವೇ ಇಲ್ಲ. ಏನು ಹೇಳಬೇಕು, ಏನು ಬಿಡಬೇಕು? ಪದ್ಧತಿ ಕಟ್ಟುವವರ ತಲೆನೋವು ಅಲ್ಲಿಂದಲೇ ಶುರು.

ಈಗ ಹೇಳುವುದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಸ್ವಲ್ಪ ನಿಧಾನವಾಗಿ ಓದಿ.

ಶಾಲೆಯಲ್ಲಿ ಲಘು, ಗುರು ಹಾಕಿ ಪ್ರಸ್ತಾರ ಮಾಡಿದ್ದು ನೆನಪಿದೆಯೇ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರುತ್ತದೆ? ಮೂರು. ನಾಲ್ಕು ಮಾತ್ರೆಯದು? ಐದು. ಐದು ಮಾತ್ರೆಯದು? ಎಂಟು. ಆರು ಮಾತ್ರೆಯದು ಹದಿಮೂರು. ಹಿಂದಿನ ಎರಡನ್ನು ಕೂಡಿದರೆ ಮುಂದಿನದು! ನಮ್ಮ ಹಾವೇರಿ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರ ನಳಚರಿತ್ರೆ ಇರುವುದು ಭಾಮಿನಿ ಷಟ್ಪದಿಯಲ್ಲಿ. ಅದರ ತುಂಬ ಮೂರು, ನಾಲ್ಕು ಮಾತ್ರೆಯ ಗಣಗಳದ್ದೇ ಓಟ. ಅದರ ಕತೆಯಲ್ಲೂ ಜೂಜಾಟವಿದೆ, ನಳನು ಪುಷ್ಕರನಿಗೆ ರಾಜ್ಯವನ್ನೇ ಸೋಲುತ್ತಾನೆ!

ಈಗ ಬ್ರಿಡ್ಜ್ ಮೇಜಿಗೆ ಬನ್ನಿ. ಕೆಲವು ಪದ್ಧತಿಗಳಲ್ಲಿ ಒಬ್ಬರು ಬರೀ ಪ್ರಶ್ನೆ ಕೇಳುತ್ತಾರೆ. ಕೇಳುವುದಕ್ಕೆ ಒಂದೇ ಒಂದು ಮೆಟ್ಟಿಲು ಹತ್ತುತ್ತಾರೆ, ಅಷ್ಟೆ. ಜೊತೆಗಾರರು ಉತ್ತರಿಸುತ್ತಾರೆ. ಮತ್ತೆ ಒಂದು ಮೆಟ್ಟಿಲು, ಮತ್ತೆ ಉತ್ತರ. ಮೂರು ಮೆಟ್ಟಿಲು ಉಳಿದಿದ್ದರೆ ಎಷ್ಟು ಬಗೆಯ ಕೈಗಳನ್ನು ಬೇರೆ ಬೇರೆಯಾಗಿ ಹೇಳಬಹುದು? ಮೂರು. ನಾಲ್ಕು ಮೆಟ್ಟಿಲಿಗೆ? ಐದು. ಐದಕ್ಕೆ ಎಂಟು, ಆರಕ್ಕೆ ಹದಿಮೂರು! ಛಂದಸ್ಸಿನ ಲೆಕ್ಕವೂ ಇಸ್ಪೀಟಿನ ಲೆಕ್ಕವೂ ಒಂದೇ!

ಹೊರದೇಶದವರು ಈ ಸಾಲನ್ನು ಫಿಬೊನಾಚಿ ಎಂಬಾತನ ಹೆಸರಿನಿಂದ ಕರೆಯುತ್ತಾರೆ. ಆತನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮೊದಲೇ ನಮ್ಮ ದೇಶದ ಪಂಡಿತ ಹೇಮಚಂದ್ರ ಮಾತ್ರೆಗಳನ್ನು ಎಣಿಸುತ್ತ ಇದನ್ನೇ ಬರೆದಿಟ್ಟಿದ್ದ!

ಹತ್ತು ಮೆಟ್ಟಿಲಿದ್ದರೆ 89 ಬಗೆ. ಹದಿನೈದಿದ್ದರೆ 987. ಇಪ್ಪತ್ತಿದ್ದರೆ 10,946! ಇಸ್ಪೀಟ್ ಎಷ್ಟು, ಆಟೀನ್ ಎಷ್ಟು, ಡೈಮಂಡ್ ಎಷ್ಟು, ಕಳಾವರ್ ಎಷ್ಟು ಎಂದು ಕೈಯ ಆಕಾರ ಹೇಳಲು ಇರುವ ಬಗೆಗಳು 560. ಅಂದರೆ ಹದಿನೈದು ಮೆಟ್ಟಿಲೊಳಗೆ ಜೊತೆಗಾರರ ಕೈಯ ಆಕಾರ ಪೂರ್ತಿ ಗೊತ್ತಾಗಿಬಿಡಬಹುದು. ಎಲೆ ಒಂದನ್ನೂ ತೋರಿಸದೆ!

ಇದರಲ್ಲೊಂದು ಸೂತ್ರ ಅಡಗಿದೆ. ಆರು ಮೆಟ್ಟಿಲಿನ ಹದಿಮೂರು ಬಗೆಗಳಲ್ಲಿ ಕೆಳಗಿನ ಮೊದಲ ಮೆಟ್ಟಿಲು ಒಂದೇ ಐದನ್ನು ಹೊರುತ್ತದೆ. ಎರಡನೆಯದು ಮೂರು. ಮೂರನೆಯದು ಎರಡು. ಉಳಿದ ಮೂರಕ್ಕೆ ಒಂದೊಂದೇ. ಹಾಗಾಗಿ ಮತ್ತೆ ಮತ್ತೆ ಬರುವ ಕೈಗಳಿಗೆ ಅಗ್ಗದ ಕೂಗು ಕೊಡಬೇಕು. ಅಪರೂಪದ ಕೈಗೆ ಎತ್ತರದ ಕೂಗು. ಒಳ್ಳೆಯ ಪದ್ಧತಿಯ ಮೊದಲ ಪಾಠವೇ ಇದು.

ಯಾವ ಕೈ ಹೆಚ್ಚು ಬರುತ್ತದೆ? ಒಂದೊಂದು ಬಣ್ಣಕ್ಕೆ ಮೂರೋ ನಾಲ್ಕೋ ಎಂದು ಸಮನಾಗಿ ಹಂಚಿದ 4-3-3-3 ಇರಬೇಕು ಎಂದುಕೊಂಡಿರಾ? ಅಲ್ಲ! ಅದು ನೂರಕ್ಕೆ ಹತ್ತೂವರೆ ಸಲ ಮಾತ್ರ. 4-4-3-2 ಬರುವುದು ಇಪ್ಪತ್ತೊಂದೂವರೆ ಸಲ. ಎರಡರಷ್ಟು!

ಹದಿಮೂರೂ ಒಂದೇ ಬಣ್ಣ ಬರುವುದು ಎಷ್ಟು ಸಲಕ್ಕೊಮ್ಮೆ? 15,875 ಕೋಟಿ ಸಲಕ್ಕೊಮ್ಮೆ. ಇಂಥ ಕೈಗಾಗಿ ಯಾರೂ ಒಂದು ಕೂಗನ್ನು ಎತ್ತಿಡುವುದಿಲ್ಲ.

ಒಂಬತ್ತಕ್ಕಿಂತ ದೊಡ್ಡ ಎಲೆಯೇ ಇಲ್ಲದ ಬಡಪಾಯಿ ಕೈಗೆ ಒಬ್ಬ ಶ್ರೀಮಂತನ ಹೆಸರಿದೆ! ಇಂಗ್ಲೆಂಡಿನ ಯಾರ್ಬರೋ ಪ್ರಭು ಒಂದಕ್ಕೆ ಸಾವಿರದಂತೆ ಬಾಜಿ ಕಟ್ಟುತ್ತಿದ್ದನಂತೆ, ಅಂಥ ಕೈ ಬಾರದು ಎಂದು. ನಿಜವಾಗಿ ಅದು ಬರುವುದು 1,828 ಕೈಗಳಿಗೊಮ್ಮೆ. ಲಾಭ ಯಾರಿಗೆ ಎಂದು ನೀವೇ ಹೇಳಿ!

ಕೈಯ ಬಲ ಅಳೆಯುವುದು ಹೇಗೆ? ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು. ಕಟ್ಟಿನಲ್ಲಿ ಒಟ್ಟು 40 ಅಂಕ. ಇಡೀ ಜಗತ್ತಿನ ಬ್ರಿಡ್ಜ್ ಕಲಿಯುವವರ ಬಾಯಿಪಾಠ ಇದು. ಇದನ್ನು 1915ರಲ್ಲೇ ಬ್ರಯಂಟ್ ಮೆಕ್ಯಾಂಬೆಲ್ ಎಂಬ ಲೇಖಕರು ಬರೆದಿದ್ದರು. ಆಗ ಕಾಂಟ್ರ್ಯಾಕ್ಟ್ ಬ್ರಿಡ್ಜ್ ಹುಟ್ಟಿಯೇ ಇರಲಿಲ್ಲ!

ಹದಿಮೂರರಲ್ಲಿ ಹನ್ನೆರಡು ಸುತ್ತು ಗೆಲ್ಲಲು ಇಬ್ಬರದೂ ಸೇರಿ 33 ಅಂಕ ಬೇಕು ಎನ್ನುತ್ತಾರೆ. ಯಾಕೆ 33? ಎದುರಾಳಿಗಳಿಗೆ ಉಳಿಯುವುದು ಏಳೇ ಅಂಕ. ಎರಡು ಎಕ್ಕಕ್ಕೆ ಎಂಟು ಬೇಕು. ಅವರ ಬಳಿ ಎರಡು ಎಕ್ಕ ಇರಲು ಸಾಧ್ಯವೇ ಇಲ್ಲ!

ಜೊತೆಗಾರರಿಬ್ಬರ ಕೈ ಸೇರಿಸಿದರೆ 26 ಎಲೆ, ಬಣ್ಣ ನಾಲ್ಕು. ಯಾವುದಾದರೂ ಒಂದು ಬಣ್ಣದಲ್ಲಿ ಏಳು ಎಲೆ ಇರಲೇಬೇಕು. ಎಷ್ಟೇ ಕಲಸಿ ಹಂಚಿ, ತಪ್ಪಿಸಲಾಗದು! ಎಂಟು ಎಲೆಯ ಜೊತೆ ಸಿಗುವುದೂ ನೂರಕ್ಕೆ ಸುಮಾರು 84 ಸಲ. ಆ ಎಂಟನ್ನು ಹುಡುಕುವುದೇ ಅರ್ಧ ಹರಾಜಿನ ಕೆಲಸ.

ಗೆದ್ದಾಗ ಸಿಗುವ ಅಂಕಗಳ ಲೆಕ್ಕವೇ ಬೇರೆ. ತುರುಫು ಕಳಾವರ್, ಡೈಮಂಡ್ ಆದರೆ ಆರರ ಮೇಲಿನ ಸುತ್ತಿಗೆ 20. ಆಟೀನ್, ಇಸ್ಪೀಟ್ ಆದರೆ 30. ಬೋನಸ್ ಸಿಗುವುದು 100 ಮುಟ್ಟಿದರೆ. ಅದಕ್ಕೇ ಆಟೀನ್, ಇಸ್ಪೀಟ್‌ಗೆ ಹತ್ತು ಸುತ್ತು ಸಾಕು, ಕಳಾವರ್, ಡೈಮಂಡ್‌ಗೆ ಹನ್ನೊಂದು ಬೇಕು. ಒಂದೇ ಒಂದು ಸುತ್ತಿನ ವ್ಯತ್ಯಾಸ. ಅಷ್ಟಕ್ಕೇ ಹೆಚ್ಚುಕಡಿಮೆ ಎಲ್ಲ ಪದ್ಧತಿಗಳೂ ಮೊದಲು ಹುಡುಕುವುದು ಆಟೀನ್, ಇಸ್ಪೀಟ್‌ಗಳನ್ನೇ!

ಕೈಯಲ್ಲಿ ರಾಜ, ಎಕ್ಕ ತುಂಬಿದ್ದರೆ ಜೋರಾಗಿ ಕೂಗಬೇಕಲ್ಲವೇ? ತಪ್ಪು! ಬಲವಿದ್ದವರು ಮೆಲ್ಲಗೆ, ಒಂದೊಂದೇ ಮೆಟ್ಟಿಲು ಹತ್ತುತ್ತಾರೆ. ಬಲವಿಲ್ಲದವರು ನೇರವಾಗಿ ‘ಮೂರು ಇಸ್ಪೀಟ್’ ಎಂದು ಜಿಗಿಯುತ್ತಾರೆ. ಏಳು ಇಸ್ಪೀಟ್ ಎಲೆಗಳಿವೆ, ಬೇರೇನೂ ಇಲ್ಲ ಎಂದು ಅದರ ಅರ್ಥ. ಎದುರಾಳಿಗಳು ಮಾತಾಡಿಕೊಳ್ಳಬೇಕಿದ್ದ ಮೆಟ್ಟಿಲುಗಳನ್ನೆಲ್ಲ ನುಂಗಿಬಿಡುವುದೇ ಉದ್ದೇಶ!

ಇದೆಲ್ಲ ಶುರುವಾದದ್ದು ಹಡಗಿನಲ್ಲಿ! 1925ರ ಶರತ್ಕಾಲ. ಅಮೆರಿಕದ ಹೆರಾಲ್ಡ್ ವ್ಯಾಂಡರ್‌ಬಿಲ್ಟ್ ‘ಫಿನ್ಲೆಂಡ್’ ಎಂಬ ಹಡಗಿನಲ್ಲಿ ಪನಾಮಾ ಕಾಲುವೆ ದಾಟುತ್ತಿದ್ದ. ಗೆಳೆಯರೊಡನೆ ಕೂತು ಹೊಸ ಅಂಕಪಟ್ಟಿ ಪ್ರಯೋಗಿಸಿದ. ಅದೇ ಇಂದಿನ ಆಟ. ಆತ ಹಾಯಿದೋಣಿ ಓಟದ ಅಮೆರಿಕಾ ಕಪ್ ಅನ್ನು ಮೂರು ಸಲ ಗೆದ್ದವನು ಕೂಡ!

ಅದೇ ವ್ಯಾಂಡರ್‌ಬಿಲ್ಟ್ ‘ಒಂದು ಕಳಾವರ್’ ಎಂಬ ಕೂಗಿನ ಅರ್ಥವನ್ನೇ ಬದಲಿಸಿದ. ಕಳಾವರ್ ಇದೆಯೋ ಇಲ್ಲವೋ, ‘ನನ್ನ ಕೈ ಬಲವಾಗಿದೆ’ ಎಂದಷ್ಟೇ ಅರ್ಥ! ಯಾಕೆ ಕಳಾವರ್? ಏಣಿಯ ಅತಿ ಕೆಳಗಿನ ಮೆಟ್ಟಿಲು ಅದು. ಮುಂದೆ ಮಾತಾಡಲು ಎಲ್ಲಕ್ಕಿಂತ ಹೆಚ್ಚು ಜಾಗ ಉಳಿಸುವುದೂ ಅದೇ.

ಪದ್ಧತಿ ಪದ್ಧತಿಗೇ ಕುಸ್ತಿ ನಡೆದದ್ದು ಕೇಳಿದ್ದೀರಾ? 1931ರ ಡಿಸೆಂಬರ್. ನ್ಯೂಯಾರ್ಕ್. ಒಂದು ಕಡೆ ಎಲೀ ಕಲ್ಬರ್ಟ್‌ಸನ್‌ನ ಪದ್ಧತಿ, ಇನ್ನೊಂದು ಕಡೆ ಸಿಡ್ನಿ ಲೆನ್ಜ್ ಆಡಿದ ‘ಅಧಿಕೃತ’ ಪದ್ಧತಿ. 150 ರಬ್ಬರ್, ಅಂದರೆ 150 ಆಟಸರಣಿ! ಪತ್ರಿಕೆಗಳ ಮುಖಪುಟದಲ್ಲಿ ಅದೇ ಸುದ್ದಿ. ಲೆನ್ಜ್‌ನ ಜೊತೆಗಾರ ಓಸ್ವಾಲ್ಡ್ ಜೇಕಬಿ ನಡುವೆಯೇ ಎದ್ದುಹೋದ. ಕೊನೆಗೆ 8,980 ಅಂಕಗಳಿಂದ ಗೆದ್ದವನು ಕಲ್ಬರ್ಟ್‌ಸನ್.

ಎಕ್ಕ ಎಷ್ಟಿವೆ ಎಂದು ಕೇಳುವ ‘ಬ್ಲ್ಯಾಕ್‌ವುಡ್’ ಸಂಕೇತ ಇಂದು ಲಕ್ಷಾಂತರ ಜನರಿಗೆ ಗೊತ್ತು. ಅದನ್ನು 1933ರಲ್ಲಿ ಕಂಡುಹಿಡಿದವರು ಈಸ್ಲೀ ಬ್ಲ್ಯಾಕ್‌ವುಡ್ ಎಂಬ ವಿಮಾ ಕಂಪನಿಯ ಅಧಿಕಾರಿ. ದೊಡ್ಡ ಬ್ರಿಡ್ಜ್ ಪತ್ರಿಕೆಯೊಂದಕ್ಕೆ ಲೇಖನ ಕಳಿಸಿದರು. ಪತ್ರಿಕೆ ಹಿಂತಿರುಗಿಸಿತು!

ಇನ್ನೊಂದು ಪ್ರಸಿದ್ಧ ಸಂಕೇತ ‘ಸ್ಟೇಮನ್’. ಸ್ಯಾಮ್ ಸ್ಟೇಮನ್ 1945ರಲ್ಲಿ ಅದರ ಬಗ್ಗೆ ಬರೆದ, ಹೆಸರು ಅವನದಾಯಿತು. ಕಂಡುಹಿಡಿದವರು ಮಾತ್ರ ಬೇರೆ! ಅಮೆರಿಕದಲ್ಲಿ ಅವನ ಜೊತೆಗಾರ ಜಾರ್ಜ್ ರಪೀ, ಇಂಗ್ಲೆಂಡಿನಲ್ಲಿ ಜ್ಯಾಕ್ ಮಾರ್ಕ್ಸ್.

ಕೈಯಲ್ಲಿರುವುದು ಆಟೀನ್, ಕೂಗುವುದು ಡೈಮಂಡ್! ಹೌದು, ಹಾಗೂ ಉಂಟು. ಜೊತೆಗಾರ ‘ಒಂದು ನೋ ಟ್ರಂಪ್’ ಎಂದಾಗ ‘ಎರಡು ಡೈಮಂಡ್’ ಎಂದರೆ ‘ನನ್ನಲ್ಲಿ ಐದು ಆಟೀನ್ ಇವೆ, ನೀನೇ ಕೂಗು’ ಎಂದು. ಇದೆಂಥ ಸುತ್ತುಬಳಸು? ಒಂದು ಬಣ್ಣವನ್ನು ಮೊದಲು ಕೂಗಿದವರೇ ಅದರಲ್ಲಿ ಆಡಬೇಕು. ಜೊತೆಗಾರರ ಎಲೆಗಳು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿಚ್ಚಿಕೊಳ್ಳುತ್ತವೆ. ಬಲವಾದ ಕೈ ಮುಚ್ಚಿರಲಿ, ಬಡ ಕೈ ಬಿಚ್ಚಿಕೊಳ್ಳಲಿ ಎಂಬ ಲೆಕ್ಕಾಚಾರ!

‘ಎರಡು ಡೈಮಂಡ್’ ಎಂದು ಹರಾಜು ಶುರು ಮಾಡಿದರೆ ಕೆಲವರ ಪದ್ಧತಿಯಲ್ಲಿ ಇನ್ನೂ ವಿಚಿತ್ರ. ಆರು ಆಟೀನ್ ಇರಬಹುದು, ಇಲ್ಲವೇ ಆರು ಇಸ್ಪೀಟ್ ಇರಬಹುದು. ಯಾವುದು ಎಂದು ಜೊತೆಗಾರರಿಗೂ ಗೊತ್ತಿಲ್ಲ!

ಶಾಂಘೈ ಮೂಲದ ಹಡಗು ಉದ್ಯಮಿ ಸಿ. ಸಿ. ವೇ ‘ಪ್ರಿಸಿಷನ್’ ಎಂಬ ಪದ್ಧತಿ ಕಟ್ಟಿದರು. 1969ರಲ್ಲಿ ತೈವಾನ್ ತಂಡ ಅದನ್ನು ಆಡಿತು. ಯಾರ ಲೆಕ್ಕದಲ್ಲೂ ಇಲ್ಲದ ತಂಡ ಬರ್ಮುಡಾ ಬೌಲ್ ಎಂಬ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ಗೆ ಹೋಗಿ ಎರಡನೆಯ ಸ್ಥಾನ ಪಡೆಯಿತು! ಆಗ ಗೆದ್ದವರು ಇಟಲಿಯ ‘ನೀಲಿ ತಂಡ’. 1957ರಿಂದ 1975ರೊಳಗೆ 16 ವಿಶ್ವ ಪ್ರಶಸ್ತಿ ಅವರದು.

ಪೋಲೆಂಡಿನವರು ಇನ್ನೂ ಮುಂದೆ ಹೋದರು. ಅವರ ಕೆಲವು ಪದ್ಧತಿಗಳಲ್ಲಿ ‘ಪಾಸ್’ ಎಂದರೆ ಕೈ ಬಲವಾಗಿದೆ ಎಂದು! ಏನೂ ಇಲ್ಲದವರು ಬಾಯಿಬಿಟ್ಟು ಕೂಗಲೇಬೇಕು. ಯೋಚಿಸಿ ನೋಡಿ, ಪಾಸ್ ಎಲ್ಲಕ್ಕಿಂತ ಅಗ್ಗದ ಮಾತು, ಒಂದು ಮೆಟ್ಟಿಲೂ ಖರ್ಚಾಗುವುದಿಲ್ಲ. ಅದಕ್ಕೇ ಒಳ್ಳೆಯ ಕೈಯನ್ನು ಕೊಟ್ಟರು! ಎದುರಾಳಿಗಳಿಗೆ ತಲೆಕೆಟ್ಟುಹೋಯಿತು. ಇಂದು ಹೆಚ್ಚಿನ ಪಂದ್ಯಗಳಲ್ಲಿ ಅವಕ್ಕೆ ಅವಕಾಶವಿಲ್ಲ. ವಿಶ್ವ ಬ್ರಿಡ್ಜ್ ಒಕ್ಕೂಟವು ಪದ್ಧತಿಗಳಿಗೆ ಹಸಿರು, ನೀಲಿ, ಕೆಂಪು, ಹಳದಿ ಎಂದು ಬಣ್ಣ ಕಟ್ಟಿದೆ. ಹಳದಿ ಎಂದರೆ ಇಂಥವು.

ಮತ್ತೆ ಆ ರೈಲಿಗೆ ಬನ್ನಿ. ಬ್ಯಾಡಗಿ ದಾಟಿದರೆ ರಾಣೆಬೆನ್ನೂರಿಗೆ ಮೊದಲು ದೇವರಗುಡ್ಡ. ನವರಾತ್ರಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾರೆ. ಮಳೆಗೋ ಬೆಳೆಗೋ ರಾಜಕೀಯಕ್ಕೋ ಎಂದು ಜನ ತಮಗೆ ತಿಳಿದಂತೆ ಅರ್ಥ ಹೇಳಿಕೊಳ್ಳುತ್ತಾರೆ. ಬ್ರಿಡ್ಜ್‌ನಲ್ಲಿ ಮಾತ್ರ ಹಾಗಿಲ್ಲ. ಕೂಗಿನ ಅರ್ಥ ಮೊದಲೇ ನಿಗದಿ, ಜೊತೆಗಾರರು ಅದನ್ನು ಬರೆದಿಟ್ಟುಕೊಂಡಿರುತ್ತಾರೆ. ಎದುರಾಳಿ ಕೇಳಿದರೆ ಪೂರ್ತಿ ಬಿಡಿಸಿ ಹೇಳಲೇಬೇಕು! ಗುಟ್ಟಿನ ಒಪ್ಪಂದ ಇಟ್ಟುಕೊಂಡರೆ ಅದೇ ಮೋಸ.

ಆದರೆ ಸುಳ್ಳು ಹೇಳಬಹುದು! ಹೌದು, ನಿಯಮವೇ ಒಪ್ಪುತ್ತದೆ. ಇಸ್ಪೀಟ್ ಎರಡೇ ಇದ್ದರೂ ‘ಒಂದು ಇಸ್ಪೀಟ್’ ಎನ್ನಬಹುದು. ಷರತ್ತು ಒಂದೇ, ನಿಮ್ಮ ಜೊತೆಗಾರನೂ ಎದುರಾಳಿಗಳಷ್ಟೇ ಮೋಸಹೋಗಬೇಕು. 1932ರಲ್ಲಿ ಡೊರೊತಿ ಸಿಮ್ಸ್ ಇದರ ಮೇಲೆ ಪುಸ್ತಕವನ್ನೇ ಬರೆದಳು. ಇಷ್ಟು ಚೆಂದದ ನಿಯಮ ಬೇರೆ ಯಾವ ಆಟದಲ್ಲಿದೆ ಹೇಳಿ!

ಜೊತೆಗಾರ ತುಂಬ ಹೊತ್ತು ಯೋಚಿಸಿ ‘ಪಾಸ್’ ಎಂದ. ಕೈಯಲ್ಲಿ ಏನೋ ಇದೆ ಎಂದು ನಿಮಗೆ ಹೊಳೆಯಿತು. ಆದರೆ ಅದನ್ನು ಬಳಸುವಂತಿಲ್ಲ! ಹೊಳೆದದ್ದರ ಲಾಭ ಪಡೆಯದಂತೆ ಆಡಬೇಕು ಎಂದೇ ನಿಯಮ ಹೇಳುತ್ತದೆ.

ಅದಕ್ಕೇ ಈಗ ದೊಡ್ಡ ಪಂದ್ಯಗಳಲ್ಲಿ ಯಾರೂ ಬಾಯಿಬಿಡುವುದಿಲ್ಲ. ಕೂಗುಗಳೆಲ್ಲ ಚೀಟಿಗಳಾಗಿ ಒಂದು ಡಬ್ಬಿಯಲ್ಲಿವೆ. ಬೇಕಾದ್ದನ್ನು ಎತ್ತಿ ಮೇಜಿನ ಮೇಲಿಟ್ಟರೆ ಸಾಕು. ಪಾಸ್ ಹಸಿರು, ಡಬಲ್ ಕೆಂಪು, ರೀಡಬಲ್ ನೀಲಿ. ಸ್ವೀಡನ್ನಿನಲ್ಲಿ ಹುಟ್ಟಿದ ಉಪಾಯ. ಮೇಜಿನ ಮೇಲೆ ಕರ್ಣರೇಖೆಯಂತೆ ಒಂದು ಪರದೆ ಬೇರೆ. ಜೊತೆಗಾರರು ಪರಸ್ಪರ ಮುಖವನ್ನೇ ನೋಡುವಂತಿಲ್ಲ!

ನಮ್ಮ ಭಾಗದ ದನದ ಸಂತೆಯಲ್ಲಿ ಟವೆಲ್ ಮುಚ್ಚಿ, ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವುದನ್ನು ನೋಡಿದ್ದೀರಲ್ಲ? ಅಲ್ಲಿ ಅದು ಒಪ್ಪಿದ ರೀತಿ. ಬ್ರಿಡ್ಜ್‌ನಲ್ಲಿ ಬೆರಳೇ ಜಗತ್ತಿನ ದೊಡ್ಡ ಹಗರಣವಾಯಿತು! 1965, ಬ್ಯೂನಸ್ ಐರಿಸ್. ಎಲೆ ಹಿಡಿದ ಬೆರಳುಗಳಿಂದ ಆಟೀನ್ ಎಷ್ಟಿವೆ ಎಂದು ತೋರಿಸುತ್ತಾರೆ ಎಂಬ ಆರೋಪ ಬ್ರಿಟನ್ನಿನ ಜೋಡಿಯೊಂದರ ಮೇಲೆ ಬಂತು. ವಿಶ್ವ ಒಕ್ಕೂಟ ತಪ್ಪಿತಸ್ಥರೆಂದಿತು. ಬ್ರಿಟನ್ನಿನ ವಿಚಾರಣೆ ಅಲ್ಲವೆಂದಿತು. ಆ ವಾದ ದಶಕಗಳ ಕಾಲ ನಡೆಯಿತು.

ಮೈಸೂರಿನ ಗಂಜೀಫಾ ಎಂಬ ಎಲೆಯಾಟದಲ್ಲಿ ಈ ಹರಾಜಿನ ರಗಳೆಯೇ ಇಲ್ಲ. ದಶಾವತಾರ ಗಂಜೀಫಾದಲ್ಲಿ ದುಂಡನೆಯ 120 ಎಲೆ, ಹತ್ತು ಅವತಾರ. ಯಾರು ಆಟ ಶುರು ಮಾಡಬೇಕು? ಹಗಲಾದರೆ ರಾಮನ ರಾಜನೆಲೆ ಹಿಡಿದವರು, ರಾತ್ರಿಯಾದರೆ ಕೃಷ್ಣನ ರಾಜನೆಲೆ ಹಿಡಿದವರು. ಸೂರ್ಯನೇ ತೀರ್ಪುಗಾರ! ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಹೊಸ ಹೊಸ ಎಲೆಯಾಟಗಳನ್ನು ತಾವೇ ರೂಪಿಸಿದ್ದರು.

ಇಸ್ಪೀಟ್ ಎಂದರೆ ಜೂಜು, ಪೊಲೀಸ್ ದಾಳಿ ಎಂದೇ ನೆನಪಾಗುತ್ತದೆಯೇ? ರಮ್ಮಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಹೇಳಿದಾಗ ಹೋಲಿಕೆಗೆ ತೆಗೆದುಕೊಂಡದ್ದು ಬ್ರಿಡ್ಜ್ ಅನ್ನೇ! ಪಂದ್ಯದ ಬ್ರಿಡ್ಜ್‌ನಲ್ಲಂತೂ ಒಂದೇ ಹಂಚಿಕೆಯ ಎಲೆಗಳು ಎಲ್ಲ ಮೇಜುಗಳಿಗೂ ಹೋಗುತ್ತವೆ. ನಿಮ್ಮ ಕೈ ಕೆಟ್ಟದ್ದಾಗಿದ್ದರೆ ಆ ಮೇಜಿನ, ಈ ಮೇಜಿನ, ಎಲ್ಲ ಮೇಜಿನ ನಿಮ್ಮ ಜಾಗದವರ ಕೈಯೂ ಅಷ್ಟೇ ಕೆಟ್ಟದ್ದು!

2018ರ ಜಕಾರ್ತ ಏಷ್ಯನ್ ಗೇಮ್ಸ್. ಭಾರತಕ್ಕೆ ಬ್ರಿಡ್ಜ್‌ನಲ್ಲಿ ಚಿನ್ನ! ಗೆದ್ದವರು ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್. ಪ್ರಾಯ? 60 ಮತ್ತು 56! ಆ ಪ್ರಾಯದಲ್ಲಿ ಏಷ್ಯಾವನ್ನೇ ಗೆಲ್ಲಬಹುದಾದ ಆಟ ನಮ್ಮ ಊರುಗಳಲ್ಲೂ ಬೇರು ಬಿಡಬೇಕು ಎಂಬುದು ನನ್ನ ಆಸೆ. ಕಲಿಸಲು, ಆಡಿಸಲು ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಬ್ರಿಡ್ಜ್ ಸಂಸ್ಥೆಯೇ ಇದೆ.

ಚದುರಂಗದಲ್ಲಿ ಕಂಪ್ಯೂಟರ್ ವಿಶ್ವ ಚಾಂಪಿಯನ್ನನ್ನು 1997ರಲ್ಲೇ ಸೋಲಿಸಿತು. ಬ್ರಿಡ್ಜ್‌ನಲ್ಲಿ? 2022ರ ಮಾರ್ಚ್, ಪ್ಯಾರಿಸ್. ‘ನೂಕ್’ ಎಂಬ ಯಂತ್ರ ಎಂಟು ವಿಶ್ವ ಚಾಂಪಿಯನ್ನರ ಎದುರು ಎಲೆ ಆಡಿ ಮೇಲುಗೈ ಸಾಧಿಸಿತು. ಜಗತ್ತೆಲ್ಲ ಸುದ್ದಿ. ಆದರೆ ಒಂದು ಸಂಗತಿ ಹಲವರ ಗಮನಕ್ಕೆ ಬರಲಿಲ್ಲ. ಪ್ರತಿ ಆಟದಲ್ಲೂ ಕಾಂಟ್ರ್ಯಾಕ್ಟ್ (ಹರಾಜಿನಲ್ಲಿ ನಿಲ್ಲುವ ಕೊನೆಯ ಕೂಗು) ಮೊದಲೇ ನಿಗದಿಯಾಗಿತ್ತು, ಮೂರು ನೋ ಟ್ರಂಪ್ ಎಂದು. ಹದಿನೈದು ಪದಗಳ ಆ ಹರಾಜನ್ನು ಪಂದ್ಯದಿಂದಲೇ ಕೈಬಿಟ್ಟಿದ್ದರು!